ಮೆದುಳಿನ ಅಲೆ ನೋಡಿ ನೋವು ಎಷ್ಟಿದೆ ಅಂತ ಹೇಳಲು ಆಗುತ್ತಾ?

ಕುತೂಹಲಿ

ತಲೆಗೆ ಒಂದು ಪಟ್ಟಿ ಕಟ್ಟಿಕೊಂಡರೆ ಸಾಕು, ಮೊಬೈಲಿನಲ್ಲಿ ನಿಮ್ಮ ನೋವು ಸೊನ್ನೆಯಿಂದ ನೂರರವರೆಗೆ ಅಂಕಿಯಾಗಿ ಕಾಣುತ್ತದೆ ಅನ್ನುವ ಜಾಹೀರಾತು ಮೊನ್ನೆಯಿಂದ ನನ್ನ ಬೆನ್ನು ಬಿದ್ದಿದೆ. ಶೇಕಡಾ 90ಕ್ಕಿಂತ ಜಾಸ್ತಿ ನಿಖರ ಅಂತ ಬೇರೆ ಬರೆದುಕೊಂಡಿದ್ದಾರೆ. ಆ ಪಟ್ಟಿ ಇಇಜಿಯಿಂದ, ಅಂದರೆ ಮೆದುಳಿನ ವಿದ್ಯುತ್ ಅಲೆಗಳಿಂದ, ನೋವು ಅಳೆಯುತ್ತದಂತೆ. ಇಇಜಿ ಅಂದರೆ ಫಿಟ್ಸ್ ಬಂದವರಿಗೆ ಮಾಡುವ ಪರೀಕ್ಷೆ, ನನಗೆ ಗೊತ್ತಿರುವುದು ಅಷ್ಟೇ. ಅದರಲ್ಲಿ ನೋವು ಕಾಣುತ್ತಾ? ಕಂಡರೆ ಎಷ್ಟರಮಟ್ಟಿಗೆ? ಗೊತ್ತಿರುವವರು ಬಿಡಿಸಿ ಹೇಳಿ. ಮಾರಾಟದ ಮಾತು ಬೇಡ.

ತಂತಿತಲೆ

ಇಇಜಿ ಲ್ಯಾಬಿನಲ್ಲಿ ಸಿಗ್ನಲ್ ನೋಡುವುದೇ ನನ್ನ ಕೆಲಸ. ಏನೋ ಕಾಣುತ್ತದೆ ನಿಜ. ಅದು ನೋವೇ ಅಂತ ಎದೆ ತಟ್ಟಿ ಹೇಳಲು ಆಗುವುದಿಲ್ಲ. ಪುರುಸೊತ್ತಿದ್ದರೆ ಮುಂದೆ ಓದಿ.

ಜರ್ಮನಿಯ ಹ್ಯಾನ್ಸ್ ಬರ್ಗರ್ ಮನುಷ್ಯನ ತಲೆಯ ಮೇಲಿಂದ ಮೊದಲ ಸಲ ಈ ಅಲೆಗಳನ್ನು ಹಿಡಿದದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನೂರು ವರ್ಷವಾದರೂ ಮೂಲ ತೊಂದರೆ ಹಾಗೇ ಇದೆ. ತಲೆಬುರುಡೆ ದಾಟಿ ಚರ್ಮಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಕೆಲವು ಹತ್ತು ಮೈಕ್ರೋವೋಲ್ಟ್‌ಗೆ ಇಳಿದಿರುತ್ತದೆ. ಕಣ್ಣು ಮಿಟುಕಿಸಿದರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಗೆರೆ ಏಳುತ್ತದೆ.

ಈಗ ನೋವಿನ ವಿಷಯ. ಕೈಯ ಹಿಂಬದಿಗೆ ಲೇಸರಿನಿಂದ ಒಂದು ಕ್ಷಣ ಬಿಸಿ ಮುಟ್ಟಿಸಿದರೆ ಸುಮಾರು 200 ಮಿಲಿಸೆಕೆಂಡಿಗೆ ನೆತ್ತಿಯ ಹತ್ತಿರ ಒಂದು ಅಲೆ, 350ರ ಸುಮಾರಿಗೆ ಅದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ಅಲೆ ಬರುತ್ತದೆ. ‘ಚುರ್’ ಅನ್ನುವ ಮೊದಲ ನೋವನ್ನು ಹೊತ್ತು ತರುವ ಎ-ಡೆಲ್ಟಾ ನರಗಳ ಜಾಡು ಅದು. ನರಗಳು ಸರಿಯಾಗಿ ಕೆಲಸ ಮಾಡುತ್ತಿವೆಯಾ ಅಂತ ನೋಡಲು ಇದನ್ನು ನಿಜವಾಗಿಯೂ ಬಳಸುತ್ತಾರೆ. ಜೊತೆಗೆ 8ರಿಂದ 12 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ) ಆಲ್ಫಾ ಅಲೆ ನೋವಾದಾಗ ಕುಗ್ಗುತ್ತದೆ. ಆದರೆ ಎಲ್ಲರ ಕಣ್ಣಿರುವುದು 30 ಹರ್ಟ್ಸ್‌ಗಿಂತ ಮೇಲಿನ ಗ್ಯಾಮಾ ಅಲೆಯ ಮೇಲೆ. ಅದೇ ಬಿಸಿಯನ್ನು ಒಬ್ಬರು ಜಾಸ್ತಿ ನೋವು ಅಂದರೆ, ಇನ್ನೊಬ್ಬರು ಕಡಿಮೆ ಅಂದರೆ, ಆ ವ್ಯತ್ಯಾಸದ ಜೊತೆ ಗ್ಯಾಮಾ ಚೆನ್ನಾಗಿ ಹೊಂದಿಕೊಂಡು ಹೋಗುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಸಮಸ್ಯೆ ಏನಂದರೆ ಹಣೆಯ ಸ್ನಾಯು, ದವಡೆಯ ಸ್ನಾಯು ಕೂಡ ಗ್ಯಾಮಾದ ಅದೇ ವೇಗದಲ್ಲಿ ಕರೆಂಟು ಹೊರಡಿಸುತ್ತವೆ. ಲ್ಯಾಬಿಗೆ ಬಂದವರ ತಲೆಯ ಚರ್ಮ ಉಜ್ಜಿ, ಜೆಲ್ ಹಾಕಿ, ಎಲೆಕ್ಟ್ರೋಡ್ ಕೂರಿಸಿ ಮೊದಲು ಹೇಳುವ ಮಾತೇ ‘ಹಲ್ಲು ಕಚ್ಚಬೇಡಿ, ದವಡೆ ಸಡಿಲ ಬಿಡಿ’. ಸ್ವಲ್ಪ ಕಚ್ಚಿದರೂ ಸಾಕು, ಕಿವಿಯ ಮೇಲಿನ ಚಾನೆಲ್‌ಗಳಲ್ಲಿ ಗೆರೆ ದಪ್ಪಗಾಗಿ ಪರದೆ ಕಪ್ಪು ಕಪ್ಪಾಗುತ್ತದೆ. ನೋವಾದಾಗ ಮನುಷ್ಯ ಮೊದಲು ಮಾಡುವುದೇ ಹಲ್ಲು ಕಚ್ಚುವುದು!

ಅರ್ಧಓದಿದವ

ಅಂದರೆ ಸುಮ್ನೆ ಹಲ್ಲು ಕಚ್ಚಿದರೂ ಆ ಪಟ್ಟಿ ‘ನೋವು 80’ ಅನ್ನಬಹುದು?

ತಂತಿತಲೆ

ಅನ್ನಬಹುದು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಗಟ್ಟಿ ಗುಂಡಿಗೆಯ ಪ್ರಯೋಗ ನಡೆದಿತ್ತು. ಎಚ್ಚರವಾಗಿದ್ದವರಿಗೇ ಸ್ನಾಯು ಸಡಿಲವಾಗುವ ಔಷಧಿ ಕೊಟ್ಟು, ಪೂರ್ತಿ ಚಲನೆ ನಿಲ್ಲಿಸಿ, ಆಮೇಲೆ ಇಇಜಿ ತೆಗೆದರು. 20 ಹರ್ಟ್ಸ್‌ಗಿಂತ ಮೇಲೆ ಮೆದುಳಿನಿಂದ ಬರುತ್ತಿದೆ ಅಂದುಕೊಂಡಿದ್ದರಲ್ಲಿ ಬಹುಪಾಲು ಸ್ನಾಯುವಿನದೇ ಅಂತ ಗೊತ್ತಾಯಿತು. ಒಳ್ಳೆಯ ಲ್ಯಾಬ್‌ಗಳು ಇದನ್ನು ಬೇರ್ಪಡಿಸಲು ಹರಸಾಹಸ ಪಡುತ್ತವೆ. ಹಣೆಗೆ ಒತ್ತಿ ಕೂತ ಎರಡು ಒಣ ಎಲೆಕ್ಟ್ರೋಡಿನ ಪಟ್ಟಿ ಏನು ಬೇರ್ಪಡಿಸುತ್ತದೋ ನನಗಂತೂ ಕಾಣೆ.

ಮೊಂಡುಬೆನ್ನು

ನೀವೆಲ್ಲಾ ತಪ್ಪು ಹುಡುಕುತ್ತಿದ್ದೀರಿ, ಸರಿ. ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ. ವರ್ಷಗಟ್ಟಲೆ ಬೆನ್ನು ನೋವು. ಸ್ಕ್ಯಾನ್ ನಾರ್ಮಲ್, ರಕ್ತ ನಾರ್ಮಲ್. ‘ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು?’ ಅಂತ ಕೇಳುತ್ತಾರೆ. ಎಂಟು ಅಂದರೆ ‘ಎಂಟಿದ್ದರೆ ಹೀಗೆ ಕೂತು ಮಾತಾಡಲು ಆಗುತ್ತಿತ್ತಾ?’ ಅನ್ನುವ ನೋಟ. ನಾಲ್ಕು ಅಂದರೆ ‘ಹಾಗಾದರೆ ವ್ಯಾಯಾಮ ಮಾಡಿ’. ಯಾವ ಅಂಕಿ ಹೇಳಿದರೆ ನಂಬುತ್ತಾರೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಕು. ಇಂಥ ಮಷಿನ್ ಬಂದು ‘ಹೌದು, ಇವರಿಗೆ ನೋವಿದೆ’ ಅಂತ ಒಂದು ಚೀಟಿ ಕೊಟ್ಟರೆ ನಾನು ಸಾಲ ಮಾಡಿಯಾದರೂ ತೆಗೆದುಕೊಳ್ಳುತ್ತೇನೆ.

ಕರಿಕೋಟು

ಮೊಂಡುಬೆನ್ನು ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅದೇ ಮಷಿನ್ ‘ಇವರಿಗೆ ನೋವಿಲ್ಲ’ ಅಂತ ಚೀಟಿ ಕೊಟ್ಟರೆ?

ಮೊಂಡುಬೆನ್ನು

ಈಗ ಜನ ಹೇಳುತ್ತಿರುವುದೂ ಅದನ್ನೇ ಅಲ್ವಾ. ಹೊಸದಾಗಿ ಕಳೆದುಕೊಳ್ಳಲು ಏನಿದೆ?

ಕರಿಕೋಟು

ಇದೆ. ಜನ ಹೇಳಿದರೆ ಅದು ಅಭಿಪ್ರಾಯ, ಎದುರುತ್ತರ ಕೊಡಬಹುದು. ಮಷಿನ್ ಹೇಳಿದರೆ ಅದು ದಾಖಲೆ. ಪರಿಹಾರದ ಕೇಸುಗಳನ್ನು ನೋಡುವವನಾಗಿ ಹೇಳುತ್ತಿದ್ದೇನೆ, ಒಂದು ಲೆಕ್ಕ ಮಾಡಿ ನೋಡಿ. ನೋವಿದೆ ಅಂತ ಪರಿಹಾರ ಕೇಳಿ 1000 ಜನ ಬಂದರು ಅಂತಿಟ್ಟುಕೊಳ್ಳಿ. ಅದರಲ್ಲಿ 900 ಜನ ನಿಜ ಹೇಳುವವರು, 100 ಜನ ನಾಟಕ. ಮಷಿನ್ ಎರಡೂ ಕಡೆ ಶೇಕಡಾ 90 ಸರಿ. ಆಗ ನಾಟಕದವರಲ್ಲಿ 90 ಜನ ಸಿಕ್ಕಿಬೀಳುತ್ತಾರೆ. ನಿಜ ಹೇಳುವವರಲ್ಲೂ 90 ಜನ ಸಿಕ್ಕಿಬೀಳುತ್ತಾರೆ! ಸುಳ್ಳುಗಾರ ಅನ್ನಿಸಿಕೊಂಡವರಲ್ಲಿ ಅರ್ಧಕ್ಕರ್ಧ ಪಾಪದವರು. ಜಾಹೀರಾತಿನ ‘ಶೇಕಡಾ 90’ ಎಷ್ಟು ಚೆನ್ನಾಗಿ ಕೇಳಿಸುತ್ತದೆ ನೋಡಿ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘದ ಕಾರ್ಯಪಡೆ 2017ರಲ್ಲೇ ಹೇಳಿದೆ, ದೀರ್ಘಕಾಲದ ನೋವು ಇದೆ ಅಥವಾ ಇಲ್ಲ ಅಂತ ಸಾಬೀತು ಮಾಡಲು ಮೆದುಳಿನ ಸ್ಕ್ಯಾನನ್ನು ಸುಳ್ಳುಪತ್ತೆ ಯಂತ್ರದ ಹಾಗೆ ಬಳಸುವುದು ಸರಿಯಲ್ಲ ಅಂತ.

ಅರ್ಧಓದಿದವ

ಆದರೆ ಎಂಆರ್‌ಐನಲ್ಲಿ ನೋವಿನ ‘ಸಹಿ’ ಸಿಕ್ಕಿದೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳಾ?

ತಂತಿತಲೆ

ಸುಳ್ಳಲ್ಲ, ಒಳ್ಳೆಯ ಕೆಲಸವೇ. ಟಾರ್ ವೇಜರ್ ಮತ್ತು ಸಂಗಡಿಗರು 2013ರಲ್ಲಿ 114 ಆರೋಗ್ಯವಂತರ ಮೇಲೆ ನಡೆದ ನಾಲ್ಕು ಅಧ್ಯಯನಗಳನ್ನು ಸೇರಿಸಿ ಪ್ರಕಟಿಸಿದ್ದು. ಚರ್ಮಕ್ಕೆ ಸುಡುವ ಬಿಸಿ ಕೊಟ್ಟಾಗ ಮೆದುಳಿನ ಯಾವ ಯಾವ ಜಾಗ ಹೇಗೆ ಹೊತ್ತಿಕೊಳ್ಳುತ್ತದೆ ಅಂತ, ಮೆದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐನಲ್ಲಿ ನೋಡಿ, ಸುಡುವ ಬಿಸಿ ಯಾವುದು, ಬರೀ ಬೆಚ್ಚಗಿನದು ಯಾವುದು ಅಂತ ಶೇಕಡಾ 90ಕ್ಕಿಂತ ಚೆನ್ನಾಗಿ ಬೇರ್ಪಡಿಸಿದರು. ಆದರೆ ಅದು ಲ್ಯಾಬಿನಲ್ಲಿ ಕೊಟ್ಟ ಬಿಸಿ. ವರ್ಷಗಟ್ಟಲೆಯ ಬೆನ್ನು ನೋವಲ್ಲ.

2016ರಲ್ಲಿ ಇದಕ್ಕೆ ಸೇರಿಸಿಕೊಂಡು ಓದಬೇಕಾದ ಒಂದು ವರದಿ ಬಂತು. ಹುಟ್ಟಿನಿಂದಲೇ ನೋವು ಗೊತ್ತಾಗದ ಇಬ್ಬರು ಇದ್ದರು. ಮೂಳೆ ಮುರಿದರೂ ನೋವಾಗದ ಅಪರೂಪದ ವಂಶವಾಹಿ ತೊಂದರೆ. ಅವರಿಗೆ ಚುಚ್ಚಿ ಸ್ಕ್ಯಾನ್ ಮಾಡಿದರು. ‘ನೋವಿನ ಜಾಲ’ ಅಂತ ಎಲ್ಲರೂ ಕರೆಯುತ್ತಿದ್ದ ಜಾಗಗಳು ನಮ್ಮ ನಿಮ್ಮ ಹಾಗೆಯೇ ಹೊತ್ತಿಕೊಂಡವು. ನೋವು ಮಾತ್ರ ಇಲ್ಲ! ಅಂದರೆ ಆ ಜಾಲದ ದೊಡ್ಡ ಪಾಲು ‘ಏನೋ ಆಯ್ತು, ಗಮನ ಕೊಡು’ ಅನ್ನುವ ಎಚ್ಚರಿಕೆ. ಜೋರು ಸದ್ದು, ಕಣ್ಣಿಗೆ ಹೊಡೆಯುವ ಬೆಳಕು ಕೂಡ ಅಲ್ಲಿ ಹೆಚ್ಚುಕಡಿಮೆ ಅದೇ ಗಲಾಟೆ ಎಬ್ಬಿಸುತ್ತವೆ. ನಾನು ಮೇಲೆ ಹೇಳಿದ ನೆತ್ತಿಯ ಅಲೆಗಳಿಗೂ ಇದೇ ಮಾತು.

ಓಟಿಯೊಳಗೆ

ಅರಿವಳಿಕೆ ಕೊಡುವ ಡಾಕ್ಟರ್ ನಾನು. ಇಲ್ಲಿ ಒಂದು ಗೆರೆ ಎಳೆಯಬೇಕು. ಅಂಗಾಂಶಕ್ಕೆ ಪೆಟ್ಟಾಗುತ್ತಿದೆ ಅನ್ನುವ ಸುದ್ದಿ ನರಗಳಲ್ಲಿ ಓಡುವುದು ಒಂದು. ‘ಅಯ್ಯೋ ನೋಯುತ್ತಿದೆ’ ಅಂತ ಒಬ್ಬ ಮನುಷ್ಯನಿಗೆ ಅನ್ನಿಸುವುದು ಇನ್ನೊಂದು. ಆಪರೇಷನ್ ಹೊತ್ತಿನಲ್ಲಿ ಮೊದಲನೆಯದು ಜೋರಾಗಿಯೇ ನಡೆಯುತ್ತಿರುತ್ತದೆ, ಎರಡನೆಯದು ಇರಬಾರದು.

ನಮ್ಮಲ್ಲಿ ಹಣೆಗೆ ಪಟ್ಟಿ ಅಂಟಿಸಿ ಇಇಜಿಯಿಂದ ಅಂಕಿ ತೆಗೆಯುವ ಬಿಐಎಸ್ ಮಾನಿಟರ್ ಬಳಸುತ್ತೇವೆ. ನೂರು ಅಂದರೆ ಪೂರ್ತಿ ಎಚ್ಚರ, ಆಪರೇಷನ್ ವೇಳೆ 40ರಿಂದ 60ರ ನಡುವೆ ಇಡುತ್ತೇವೆ. ಹೊಸಬರು ಇದನ್ನು ನೋವಿನ ಮೀಟರ್ ಅಂದುಕೊಳ್ಳುವುದುಂಟು. ಅಲ್ಲ. ನಿದ್ದೆ ಎಷ್ಟು ಆಳ ಅಂತಷ್ಟೇ ಅದು ಹೇಳುತ್ತದೆ. ನೋವಿನ ಸುದ್ದಿಗೆ ನಾವು ನಾಡಿ, ಬಿಪಿ, ಕಣ್ಣೀರು, ಪಾಪೆ ನೋಡುತ್ತೇವೆ. ಸರ್ಜನ್ ಚರ್ಮ ಕೊಯ್ದ ತಕ್ಷಣ ನಾಡಿ ಏರಿದರೆ ನೋವಿನ ಔಷಧಿ ಸಾಲದು ಅಂತ ಲೆಕ್ಕ. ಆದರೆ ರಕ್ತ ಕಡಿಮೆಯಾದರೂ ನಾಡಿ ಏರುತ್ತದೆ, ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಯಾವ ಒಂದು ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ.

ರಾತ್ರಿಪಾಳಿ

ತಡವಾಗಿ ಬಂದೆ. ಎಲ್ಲರೂ ಮಾತಾಡಬಲ್ಲ ದೊಡ್ಡವರ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ನಮ್ಮ ಪೇಷಂಟ್‌ಗಳು ಅಂಕಿ ಹೇಳುವುದಿಲ್ಲ.

ಹಸುಗೂಸಿಗೆ ನೋವು ಗೊತ್ತಾಗುವುದಿಲ್ಲ ಅಂತ ನಂಬಿ 1980ರ ದಶಕದವರೆಗೂ ಎಷ್ಟೋ ಕಡೆ ಹೆಸರಿಗಷ್ಟು ಅರಿವಳಿಕೆ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಸ್ನಾಯು ಸಡಿಲವಾಗುವ ಔಷಧಿ ಇರುತ್ತಿತ್ತು, ಮಗು ಅಲುಗಾಡುತ್ತಿರಲಿಲ್ಲ, ಅಷ್ಟೇ. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತವರ ಜೊತೆಯವರು ಸರಿಯಾದ ಅರಿವಳಿಕೆ ಕೊಟ್ಟ ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಅಂತ ತೋರಿಸಿದ ಮೇಲೆ ಗಾಳಿ ಬದಲಾಯಿತು. ಇದನ್ನು ಓದಿದಾಗಲೆಲ್ಲಾ ಹೊಟ್ಟೆ ಕಿವುಚುತ್ತದೆ.

ಈಗಲೂ ನಾವು ಮುಖ ನೋಡಿಯೇ ಅಂಕ ಹಾಕುವುದು. ಹುಬ್ಬು ಗಂಟಿಕ್ಕಿದೆಯಾ, ಕಣ್ಣು ಬಿಗಿಯಾಗಿ ಮುಚ್ಚಿದೆಯಾ, ಮೂಗಿನ ಪಕ್ಕದ ಗೆರೆ ಆಳವಾಗಿದೆಯಾ. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆಯುವಾಗ ತಿಂಗಳು ತುಂಬಿದ ಮಗು ಕಿರುಚುತ್ತದೆ. ತೀರಾ ಬೇಗ ಹುಟ್ಟಿದ ಮಗು ಕೆಲವು ಸಲ ಕಾಲು ಸ್ವಲ್ಪ ಎಳೆದುಕೊಂಡು ಸುಮ್ಮನಾಗಿಬಿಡುತ್ತದೆ. ಅಳಲು ಶಕ್ತಿ ಇಲ್ಲವೋ, ನೋವಿಲ್ಲವೋ? ನೀವೇ ಹೇಳಿ.

ಆಕ್ಸ್‌ಫರ್ಡಿನ ರೆಬೆಕಾ ಸ್ಲೇಟರ್ ಗುಂಪು ಇದಕ್ಕೇ ಇಇಜಿ ಹಿಡಿದದ್ದು. ಚುಚ್ಚಿದ ಮೇಲೆ ಸುಮಾರು ಅರ್ಧ ಸೆಕೆಂಡಿಗೆ ನೆತ್ತಿಯ ಎಲೆಕ್ಟ್ರೋಡಿನಲ್ಲಿ ಒಂದು ಅಲೆ ಏಳುತ್ತದೆ. ಬರೀ ಮುಟ್ಟಿದರೆ, ಸದ್ದು ಮಾಡಿದರೆ, ಬೆಳಕು ತೋರಿಸಿದರೆ ಆ ಆಕಾರ ಬರುವುದಿಲ್ಲ. ಚರ್ಮಕ್ಕೆ ಮರಗಟ್ಟಿಸುವ ಔಷಧಿ ಹಚ್ಚಿದರೆ ಅಲೆ ಚಿಕ್ಕದಾಗುತ್ತದೆ. 2017ರಲ್ಲಿ ಇದನ್ನು ಪ್ರಕಟಿಸಿದರು. ತಂತಿತಲೆ ಸರ್, ಇದಕ್ಕೂ ಸ್ನಾಯು ಅನ್ನುತ್ತೀರಾ?

ತಂತಿತಲೆ

ಇಲ್ಲ ಮೇಡಂ, ಅದು ನಿಧಾನದ ಅಲೆ, ಗ್ಯಾಮಾ ತಕರಾರು ಅದಕ್ಕೆ ಅಂಟುವುದಿಲ್ಲ. ಬೇರೆ ಬೇರೆ ಸದ್ದು ಬೆಳಕಿನ ಜೊತೆ ಹೋಲಿಸಿದ್ದೂ ಸರಿಯಾದ ಕ್ರಮ. ಈ ಕ್ಷೇತ್ರದಲ್ಲಿ ನಾನು ತಲೆಬಾಗುವ ಕೆಲಸಗಳಲ್ಲಿ ಅದೂ ಒಂದು.

ರಾತ್ರಿಪಾಳಿ

ಹಾಗಾದರೆ ಇದನ್ನೂ ಕೇಳಿ. ಚುಚ್ಚುವ ಮೊದಲು ಮಗುವಿನ ನಾಲಿಗೆಗೆ ಸಕ್ಕರೆ ನೀರು ಹಾಕುವುದು ಎಲ್ಲಾ ಕಡೆ ರೂಢಿ. ಮುಖ ಶಾಂತವಾಗುತ್ತದೆ, ಅಳು ಕಡಿಮೆಯಾಗುತ್ತದೆ. 2010ರಲ್ಲಿ ಸ್ಲೇಟರ್ ಅವರೇ ಪರೀಕ್ಷಿಸಿದಾಗ ಮುಖದ ಅಂಕ ಇಳಿದಿತ್ತು, ಮೆದುಳಿನ ಅಲೆ ಇಳಿದಿರಲಿಲ್ಲ! ಅವತ್ತಿನಿಂದ ವಾರ್ಡುಗಳಲ್ಲಿ ಇದೇ ಜಗಳ. ಮಗುವಿಗೆ ನೋವು ಹಾಗೇ ಇದ್ದು ಮುಖ ಮಾತ್ರ ಸುಮ್ಮನಾಯಿತಾ? ಅಥವಾ ಅಲೆ ಹೇಳುವುದು ಬರೀ ಚುಚ್ಚಿದ ಸುದ್ದಿಯನ್ನಾ?

ಓಟಿಯೊಳಗೆ

ನನ್ನ ಮಟ್ಟಿಗೆ ಎರಡನ್ನೂ ತಳ್ಳಿಹಾಕಲು ಆಗುವುದಿಲ್ಲ. ಒಂದೂವರೆ ಕಿಲೋ ಮಗುವನ್ನು ಕೇಳುವುದು ಹೇಗೆ? ಆದರೆ ಇಂಥ ಅಳತೆಯಿಂದ ಕಣ್ಣಿಗೆ ಕಾಣುವ ಉಪಯೋಗವೂ ಆಗಿದೆ. ಅದೇ ಆಕ್ಸ್‌ಫರ್ಡಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ತಪಾಸಣೆಗೆ ಮುಂಚೆ ಮಾರ್ಫಿನ್ ಕೊಟ್ಟರೆ ಒಳ್ಳೆಯದಾ ಅಂತ ಪರೀಕ್ಷೆ ನಡೆಸಿದರು, 2018ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಉಸಿರಾಟದ ತೊಂದರೆ ಕಾಣಿಸಿ 31 ಮಕ್ಕಳಾಗುವಷ್ಟರಲ್ಲಿ ನಿಲ್ಲಿಸಬೇಕಾಯಿತು. ಮಾರ್ಫಿನ್‌ನಿಂದ ನೋವಿನ ಅಂಕವೂ ಇಳಿಯಲಿಲ್ಲ, ಹಿಮ್ಮಡಿಗೆ ಚುಚ್ಚಿದಾಗಿನ ಮೆದುಳಿನ ಅಲೆಯೂ ಇಳಿಯಲಿಲ್ಲ. ಕರುಣೆಯಿಂದ ಕೊಡುವ ಔಷಧಿಯಿಂದಲೂ ಕೆಡುಕಾಗಬಹುದು. ಅದನ್ನು ಹಿಡಿಯಲು ಅಳತೆ ಬೇಕೇ ಬೇಕು.

ಮೊಂಡುಬೆನ್ನು

ಮಕ್ಕಳ ವಿಷಯ ಓದಿ ಗಂಟಲು ಕಟ್ಟಿತು. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಚುಚ್ಚಿದ್ದು, ಸುಟ್ಟಿದ್ದು ಸರಿ. ನನ್ನಂಥವರ ದಿನವಿಡೀ ಇರುವ ನೋವನ್ನು ಯಾರಾದರೂ ಅಳೆದಿದ್ದಾರಾ?

ತಂತಿತಲೆ

ಅಳೆದಿದ್ದಾರೆ, ಆದರೆ ಹಣೆಪಟ್ಟಿಯಿಂದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಸಾದ್ ಶಿರ್ವಾಳ್ಕರ್ ಮತ್ತು ತಂಡ, 2023ರ ವರದಿ. ನಾಲ್ಕೇ ಜನ. ಮೂವರಿಗೆ ಸ್ಟ್ರೋಕ್ ಆದ ಮೇಲಿನ ನೋವು, ಒಬ್ಬರಿಗೆ ಕತ್ತರಿಸಿ ತೆಗೆದ ಕಾಲಿನ ನೋವು. ತಲೆಬುರುಡೆಯೊಳಗೇ ಎಲೆಕ್ಟ್ರೋಡ್ ಇಟ್ಟು ಮನೆಗೆ ಕಳುಹಿಸಿದರು. ಅವರು ದಿನಕ್ಕೆ ಹಲವು ಸಲ ತಮ್ಮ ನೋವು ಎಷ್ಟು ಅಂತ ಬರೆದು, ಗುಂಡಿ ಒತ್ತಿ ಅದೇ ಹೊತ್ತಿನ ಸಿಗ್ನಲ್ ದಾಖಲಿಸುತ್ತಿದ್ದರು. ಹೀಗೆ ಮೂರರಿಂದ ಆರು ತಿಂಗಳು.

ನನಗೆ ಹಿಡಿಸಿದ್ದು ಇದು: ದೀರ್ಘಕಾಲದ ನೋವು ಏರಿಳಿದಂತೆ ಕಣ್ಣಿನ ಗೂಡಿನ ಮೇಲಿರುವ ಆರ್ಬಿಟೋಫ್ರಂಟಲ್ ಭಾಗದ ಸಿಗ್ನಲ್ ಬದಲಾಗುತ್ತಿತ್ತು. ಅದೇ ಜನರಿಗೆ ಲ್ಯಾಬಿನಲ್ಲಿ ಬಿಸಿ ಮುಟ್ಟಿಸಿದಾಗ ಮಾತಾಡಿದ್ದು ಬೇರೆಯೇ ಭಾಗ, ಮುಂಭಾಗದ ಸಿಂಗ್ಯುಲೇಟ್. ಹಾಗಾಗಿ ಆರೋಗ್ಯವಂತ ಹುಡುಗರ ಕೈಯನ್ನು ಐಸ್ ನೀರಿನಲ್ಲಿ ಅದ್ದಿಸಿ ತಯಾರಿಸಿದ ಮೀಟರ್ ನಿಮ್ಮ ಬೆನ್ನಿಗೆ ಹೊಂದುತ್ತದೆ ಅನ್ನುವುದಕ್ಕೆ ಆಧಾರವೇ ಇಲ್ಲ. ಮತ್ತೆ ಗಮನಿಸಿ, ಅಲ್ಲೂ ಕಂಪ್ಯೂಟರ್ ಪ್ರೋಗ್ರಾಂಗೆ ಕಲಿಸಿದ್ದು ನೋವಿದ್ದವರೇ ಹೇಳಿದ ಅಂಕಿಯಿಂದ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಲಿಸಿದರು.

ಮೊಂಡುಬೆನ್ನು

ಒಂದು ನಿಮಿಷ. ನನ್ನ ಮಾತು ನಂಬಿದರೆ ಮಾತ್ರ ಮಷಿನ್ ತಯಾರಾಗುತ್ತದೆ. ಆಮೇಲೆ ಮಷಿನ್ ಹೇಳಿದರೆ ಮಾತ್ರ ನನ್ನ ಮಾತು ನಂಬುತ್ತಾರೆ. ಹೀಗಾ?

ಕರಿಕೋಟು

ಕೋರ್ಟಿನಲ್ಲಿ ನಾನು ಕೇಳಬೇಕಾದ ಪ್ರಶ್ನೆಯನ್ನು ನೀವೇ ಕೇಳಿಬಿಟ್ಟಿರಿ.

ಕುತೂಹಲಿ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ತಂತಿತಲೆ, ಜಾಹೀರಾತಿನವರಿಗೆ ಮೇಲ್ ಹಾಕಬೇಕು ಅಂತಿದ್ದೇನೆ. ಏನು ಕೇಳಲಿ?

ತಂತಿತಲೆ

ಮೊದಲು ಇದನ್ನು ಕೇಳಿ: ಕಲಿಸಲು ಬಳಸಿದ ಜನರೇ ಪರೀಕ್ಷೆಯಲ್ಲೂ ಇದ್ದರಾ? ಒಬ್ಬನ ಇಇಜಿಯನ್ನು ಚೂರು ಚೂರು ಮಾಡಿ ಅರ್ಧ ಚೂರಿನಲ್ಲಿ ಕಲಿಸಿ, ಉಳಿದರ್ಧದಲ್ಲಿ ಪರೀಕ್ಷಿಸಿದರೆ ಪ್ರೋಗ್ರಾಂ ಕಲಿಯುವುದು ಆ ವ್ಯಕ್ತಿಯ ಗುರುತನ್ನು, ನೋವನ್ನಲ್ಲ. ಆ ತಂತ್ರದಲ್ಲಿ ನಾನು ಬೇಕಾದರೆ ಶೇಕಡಾ 99 ಕೂಡ ತೋರಿಸುತ್ತೇನೆ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ರ‍್ಯಾಂಕ್ ಬಂತು ಅಂದ ಹಾಗೆ.

ಆಮೇಲೆ, ನೋವಿಲ್ಲದ ಆದರೆ ಕಿರಿಕಿರಿಯ ಸದ್ದಿನ ಜೊತೆ ಹೋಲಿಸಿದ್ದಾರಾ ಅಂತ ಕೇಳಿ. ‘ನೋವು’ ಮತ್ತು ‘ಸುಮ್ನೆ ಕೂತಿದ್ದು’ ಇವೆರಡನ್ನು ಬೇರ್ಪಡಿಸುವುದು ದೊಡ್ಡ ವಿಷಯವೇನಲ್ಲ. ಕೂದಲಿನ ಬಗ್ಗೆಯೂ ಕೇಳಿ. ದಟ್ಟ ಗುಂಗುರು ಕೂದಲಿನವರಿಗೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ ಅಂತ ಅಂಥವರನ್ನೇ ಬಿಟ್ಟು ನಡೆದ ಅಧ್ಯಯನಗಳಿವೆ.

ಓಟಿಯೊಳಗೆ

ಕೂದಲಿನ ಮಾತು ಸಣ್ಣದಲ್ಲ, ಅಂಥ ಕೂದಲು ಹೆಚ್ಚಾಗಿ ಕಪ್ಪು ಜನರದು. ಅಮೆರಿಕದಲ್ಲಿ 2016ರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರನ್ನು ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ಒಪ್ಪಿದ್ದರು. ಒಪ್ಪಿದವರು ಕಪ್ಪು ರೋಗಿಯ ನೋವಿಗೆ ಕಡಿಮೆ ಅಂಕ ಹಾಕಿದರು. ಮಷಿನ್ ಬಂದರೆ ಈ ಭೇದ ಹೋಗುತ್ತದೆ ಅಂತ ಆಸೆ. ಆದರೆ ಆ ಜನರ ಇಇಜಿಯೇ ಮಷಿನ್ನಿಗೆ ಸಿಗದಿದ್ದರೆ ಅದೇ ಭೇದ ಅಂಕಿಯ ವೇಷದಲ್ಲಿ ವಾಪಸ್ ಬರುತ್ತದೆ.

ಹೊಸಬಳು

ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ. ನಮ್ಮ ತಂದೆಗೆ ಸ್ಟ್ರೋಕ್ ಆಗಿ ಮಾತು ಹೋಗಿದೆ, ಬಲಗೈ ಬಲಗಾಲು ಬಿದ್ದಿದೆ. ರಾತ್ರಿ ನರಳುತ್ತಾರೆ. ನೋವಾ ಅಂದರೆ ಹೌದು ಅಂತ ತಲೆ ಆಡಿಸುತ್ತಾರೆ, ನೋವಿಲ್ವಾ ಅಂದರೂ ಹೌದು ಅಂತಾರೆ. ಅವರಿಗಾಗಿ ಇಂಥದ್ದು ಏನಾದರೂ ಸಿಗುತ್ತಾ?

ತಂತಿತಲೆ

ಅಂಥ ಪಟ್ಟಿಯನ್ನು ನಂಬಿ ಔಷಧಿ ಕೊಡುವ ಹಂತಕ್ಕೆ ಇನ್ನೂ ಬಂದಿಲ್ಲ ಅಕ್ಕ. ಆದರೆ ಒಂದು ವಿಷಯ ಹೇಳಲೇಬೇಕು. 2012ರಲ್ಲಿ ಕೆನಡಾದಲ್ಲಿ ಏಡ್ರಿಯನ್ ಓವನ್ ತಂಡ, ಹನ್ನೆರಡು ವರ್ಷ ಯಾವ ಪ್ರತಿಕ್ರಿಯೆಯೂ ಇಲ್ಲದೆ ಮಲಗಿದ್ದ ಒಬ್ಬರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ‘ನಿಮಗೆ ನೋವಿದೆಯಾ?’ ಅಂತ ಕೇಳಿತು. ಒಂದು ಉತ್ತರಕ್ಕೆ ಟೆನಿಸ್ ಆಡುವ ಹಾಗೆ ಕಲ್ಪಿಸಿಕೊಳ್ಳಬೇಕು, ಇನ್ನೊಂದಕ್ಕೆ ತಮ್ಮ ಮನೆಯೊಳಗೆ ಓಡಾಡುವ ಹಾಗೆ. ಅವರು ‘ಇಲ್ಲ’ ಅಂತ ಉತ್ತರ ಕೊಟ್ಟರು. ಅಲ್ಲಿ ನೋವನ್ನು ಮೆದುಳಿನಿಂದ ಕದ್ದು ಓದಲಿಲ್ಲ. ಅವರನ್ನೇ ಕೇಳಿದರು. ಡಾಕ್ಟ್ರೇ, ತಂದೆಯವರ ಬಗ್ಗೆ ನೀವೇ ಹೇಳಿ.

ಓಟಿಯೊಳಗೆ

ಹೌದು-ಇಲ್ಲ ಅದಲುಬದಲಾಗುವುದು ಇಂಥ ಸ್ಟ್ರೋಕ್‌ನಲ್ಲಿ ಸಾಮಾನ್ಯ. ಮೊದಲು ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ, ‘ನಾನು ನಿಮ್ಮ ಮಗಳಾ?’, ‘ಈಗ ಮಳೆ ಬರುತ್ತಿದೆಯಾ?’ ಹೀಗೆ. ಅಲ್ಲೂ ತಪ್ಪಿದರೆ ತಲೆ ಆಡಿಸುವುದನ್ನು ನೆಚ್ಚಿಕೊಳ್ಳಬೇಡಿ. ನೋವಿನ ಮುಖಗಳ ಚಿತ್ರವನ್ನು ಮೇಲಿಂದ ಕೆಳಗೆ ಬರುವ ಹಾಗೆ ಜೋಡಿಸಿ ಎಡಗೈಯಿಂದ ತೋರಿಸಲು ಹೇಳಿ. ಅಡ್ಡಕ್ಕೆ ಜೋಡಿಸಿದರೆ ಒಂದು ಪಕ್ಕ ಅವರಿಗೆ ಕಾಣದೆ ಹೋಗಬಹುದು. ಸ್ಪೀಚ್ ಥೆರಪಿಸ್ಟ್ ಇದ್ದರೆ ಅವರಿಗೂ ಹೇಳಿ.

ಇನ್ನೊಂದು, ಬಿದ್ದ ಕಡೆಯ ಭುಜ. ಸ್ಟ್ರೋಕ್ ಆದವರಲ್ಲಿ ಭುಜದ ನೋವು ತುಂಬಾ ಸಾಮಾನ್ಯ. ಮಗ್ಗುಲು ಬದಲಿಸುವಾಗ, ಅಂಗಿ ತೊಡಿಸುವಾಗ ಮುಖ ಹಿಂಡುತ್ತಾರಾ ಗಮನಿಸಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿಯೂ ಎತ್ತಬೇಡಿ. ಮಲಗಿದಾಗ ಆ ತೋಳಿನ ಕೆಳಗೆ ದಿಂಬು ಇರಲಿ. ಬಟ್ಟೆ ತಾಗಿದರೂ ಉರಿದಂತೆ ಕೈ ಕಾಲು ಎಳೆದುಕೊಳ್ಳುತ್ತಿದ್ದರೆ ಅದು ನರದ ನೋವಿರಬಹುದು, ಅದಕ್ಕೆ ಔಷಧಿಯೇ ಬೇರೆ. ಡಾಕ್ಟರ್ ಹತ್ತಿರ ಹೋಗುವಾಗ ನರಳುವ ಹೊತ್ತಿನ ಒಂದು ಚಿಕ್ಕ ವಿಡಿಯೋ ತೆಗೆದುಕೊಂಡು ಹೋಗಿ.

ಹೊಸಬಳು

ಅಂಗಿ ತೊಡಿಸುವಾಗಲೇ ಜಾಸ್ತಿ, ಡಾಕ್ಟ್ರೇ. ಇವತ್ತು ಸಂಜೆ ಫಿಸಿಯೋ ಬರುತ್ತಾರೆ, ಭುಜ ನೋಡಲು ಹೇಳುತ್ತೇನೆ.